ದಿನಕ್ಕೆ ಎರಡಾಣೆ

ಸಂಬಳದವರ ಬದುಕು ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ. ಅಡಿಕೆ, ಭತ್ತ ಬೆಳೆಯುವವರದ್ದು ಫಸಲಿನ ಲೆಕ್ಕ. ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಮಾತ್ರ ದಿನವೇ ಲೆಕ್ಕ. ಬೆಳಿಗ್ಗೆ ಬಾಗಿಲು ತೆಗೆದು, ಎದುರಿಗೆ ನೀರು ಚಿಮುಕಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬೋಣಿಗಾಗಿ ಕಾಯುತ್ತ ಕೂತವರು ರಾತ್ರಿ ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಣಿಸಿ ಏಳುವಾಗ ಬದುಕಿನ ಒಂದು ಸುತ್ತು ಮುಗಿದಿರುತ್ತದೆ. ಮಾರನೆಯ ದಿನ ಮತ್ತೆ ಸೊನ್ನೆಯಿಂದ ಶುರು. ನಿನ್ನೆ ಜನ ಮುಗಿಬಿದ್ದಿದ್ದರು ಎಂದು ಇವತ್ತೂ ಬರುತ್ತಾರೆ ಎನ್ನುವ ಹಾಗಿಲ್ಲ. ಒಂದು ಮಳೆ, ಒಂದು ಬಂದ್, ಊರಿನಲ್ಲೊಂದು ಸಾವು ಸಾಕು, ದಿನ ಖಾಲಿ ಹೋಗುತ್ತದೆ. ಬಾಡಿಗೆ, ಕರೆಂಟು ಬಿಲ್ಲು, ಹುಡುಗನ ಸಂಬಳ ಇವು ಯಾವುವೂ ಖಾಲಿ ಹೋಗುವುದಿಲ್ಲ.

ಇಂಥ ಬದುಕಿನಲ್ಲಿ ಉಳಿತಾಯ ಎನ್ನುವುದು ಹೇಗೆ ಸಾಧ್ಯ? ಕರಾವಳಿಯ ಪೇಟೆಯಲ್ಲಿ ಪುಸ್ತಕ, ಪೆನ್ನು, ಜೆರಾಕ್ಸಿನ ಅಂಗಡಿ ನಡೆಸಿಕೊಂಡು ಬಂದ ನನಗೆ ಈ ಪ್ರಶ್ನೆಗೆ ತಿಳಿದಿರುವ ಉತ್ತರ ಒಂದೇ: ದಿನದ ಉಳಿತಾಯವನ್ನು ಬ್ಯಾಂಕಿಗೋ ಸಹಕಾರ ಸಂಘಕ್ಕೋ ಕಟ್ಟಿಸಿಕೊಳ್ಳಲು ಸಂಜೆ ಬರುವ ಪಿಗ್ಮಿಯವರು.

ಕರ್ನಾಟಕದ ಯಾವ ಪೇಟೆಯಲ್ಲಾದರೂ ಅವರನ್ನು ನೋಡಬಹುದು. ಹೆಗಲಲ್ಲೊಂದು ಚೀಲ, ಕೈಯಲ್ಲಿ ರಸೀದಿ ಉಗುಳುವ ಪುಟ್ಟ ಮೆಷಿನ್, ಮಳೆಗಾಲದಲ್ಲಿ ಕಂಕುಳಲ್ಲೊಂದು ಕೊಡೆ. ಅವರದ್ದೊಂದು ಲೈನು ಇರುತ್ತದೆ. ಮೊದಲು ಬಸ್ ಸ್ಟ್ಯಾಂಡಿನ ಹಣ್ಣಿನಂಗಡಿಗಳು, ಆಮೇಲೆ ಹೋಟೆಲು, ಕ್ಷೌರದಂಗಡಿ, ಟೈಲರ್, ಮೊಬೈಲ್ ರಿಪೇರಿ, ಕೊನೆಗೆ ಮೀನು ಮಾರುಕಟ್ಟೆಯ ಹೊರಗೆ ಹೂ ಮಾರುವವರು. ಲೈನು ತಪ್ಪುವುದಿಲ್ಲ, ಹೊತ್ತೂ ತಪ್ಪುವುದಿಲ್ಲ. ಅವರು ಬಂದರೆಂದರೆ ಸಂಜೆಯ ಚಹಾಕ್ಕೆ ಹೇಳುವ ಹೊತ್ತಾಯಿತು ಎಂದು ಅರ್ಥಮಾಡಿಕೊಳ್ಳುವ ಅಂಗಡಿಗಳು ನಮ್ಮ ಬೀದಿಯಲ್ಲೇ ಇವೆ.

ಜೋರು ಮಳೆಯ ಒಂದು ಸಂಜೆ ಪಕ್ಕದ ಟೈಲರಂಗಡಿಯಲ್ಲಿ ಕೇಳಿದ ಮಾತು ನನಗೆ ಬಾಯಿಪಾಠವಾಗಿದೆ.

“ಇವತ್ತು ಎಷ್ಟು ಬರೀಲಿ ಅಣ್ಣ?”

“ಎಂತ ಬರೀತೀರಿ ಮಾರಾಯ್ರೆ, ಬೆಳಿಗ್ಗೆಯಿಂದ ಒಂದು ನರಪಿಳ್ಳೆ ಬರಲಿಲ್ಲ. ಇವತ್ತು ಬಿಡಿ, ನಾಳೆ ನೋಡುವ.”

“ನಾಳೆದ್ದು ನಾಳೆಗೆ ಇರಲಿ. ಇವತ್ತಿಗೆ ಹತ್ತು ರೂಪಾಯಿ ಬರೀತೇನೆ. ಸೊನ್ನೆ ಮಾಡುದು ಬೇಡ.”

ಟೈಲರಣ್ಣ ಡ್ರಾಯರು ಎಳೆದು ಹತ್ತು ರೂಪಾಯಿ ಕೊಟ್ಟರು. ಮೆಷಿನ್ನಿನಿಂದ ಚೀಟಿ ಬಂತು. ಅದನ್ನು ಕತ್ತರಿಯ ಪಕ್ಕದ ಮೊಳೆಗೆ ಸಿಕ್ಕಿಸಿ ಅವರು ಮತ್ತೆ ಗುಂಡಿ ಹೊಲಿಯಲು ಕೂತರು. ಸೊನ್ನೆ ಮಾಡಬಾರದು ಎನ್ನುವ ಆ ಒಂದು ಮಾತಿನಲ್ಲಿ ಸಣ್ಣ ವ್ಯಾಪಾರದ ವಿವೇಕವೆಲ್ಲ ಅಡಗಿದೆ ಎಂದು ನಾನು ನಂಬಿದ್ದೇನೆ.

ಈ ಪದ್ಧತಿ ಹುಟ್ಟಿದ್ದು ನಮ್ಮ ಉಡುಪಿಯಲ್ಲಿ. 1925ರಲ್ಲಿ ಉದ್ಯಮಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ ಅಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಕಟ್ಟಿದರು. ಮೂಲ ಬಂಡವಾಳ 8,000 ರೂಪಾಯಿ. ಆಗ ಊರಿನ ಕೈಮಗ್ಗದವರು ಕಷ್ಟದಲ್ಲಿದ್ದರು. ಅವರಿಗೆ ಹಣ ಒದಗಿಸಬೇಕು, ಅದಕ್ಕಾಗಿ ಊರಿನವರ ಸಣ್ಣ ಸಣ್ಣ ಉಳಿತಾಯವನ್ನೇ ಒಟ್ಟುಮಾಡಬೇಕು ಎನ್ನುವುದು ಯೋಚನೆ. ಮೂರು ವರ್ಷ ಕಳೆದ ಮೇಲೆ, 1928ರಲ್ಲಿ, ಪಿಗ್ಮಿ ಠೇವಣಿ ಬಂತು. ಬ್ಯಾಂಕಿನವರೇ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನಾದರೂ ಸರಿ, ಪಡೆದುಕೊಂಡು ಬರುವುದು. ಇಷ್ಟೇ ಏರ್ಪಾಡು. ಆ ಸಂಸ್ಥೆಯೇ 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಬದಲಿಸಿಕೊಂಡಿತು, 1969ರಲ್ಲಿ ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಒಂದಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

ಎರಡಾಣೆಯ ಲೆಕ್ಕ ಹಾಕಿ ನೋಡಿ. ರೂಪಾಯಿಗೆ 16 ಆಣೆಯ ಕಾಲ. ದಿನಕ್ಕೆ ಎರಡರಂತೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಎಂಟು ಸಾವಿರ ರೂಪಾಯಿಯಲ್ಲಿ ಒಂದು ಬ್ಯಾಂಕೇ ಶುರುವಾದ ಕಾಲದಲ್ಲಿ ನಲವತ್ತೈದು ರೂಪಾಯಿ ಸಣ್ಣ ದುಡ್ಡಲ್ಲ. ನೇಯ್ಗೆಯವರಿಗೋ ಬೀಡಾದಂಗಡಿಯವರಿಗೋ ಒಂದೇ ಸಲ ಆ ಹಣ ತನ್ನಿ ಎಂದಿದ್ದರೆ ತರಲು ಆಗುತ್ತಿರಲಿಲ್ಲ. ದಿನಕ್ಕೆ ಎರಡಾಣೆ ಕೊಡಲು ಆಗುತ್ತಿತ್ತು.

ಕರಾವಳಿಯ ಈ ಚಿಕ್ಕ ಪಟ್ಟಿಯಲ್ಲಿ ಬ್ಯಾಂಕುಗಳು ಹುಟ್ಟಿಕೊಂಡ ಬಗೆ ನೆನೆದರೆ ಹೆಮ್ಮೆ ಎನಿಸುತ್ತದೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಹಿಂದೂ ಪರ್ಮನೆಂಟ್ ಫಂಡ್, ಮುಂದೆ ಅದೇ ಕೆನರಾ ಬ್ಯಾಂಕ್. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳುತನದಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಅತ್ತ ಕರಾವಳಿಯಾಚೆ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಕೃಷಿ ಸಹಕಾರ ಸಂಘ ಕಟ್ಟಿದ್ದರು. ಊರಿನ ಹಣ ಊರಿನವರ ಕೆಲಸಕ್ಕೆ ಬರಬೇಕು ಎಂಬ ಹಂಬಲ ಇವಕ್ಕೆಲ್ಲ ಸಮಾನ. ಆದರೆ ಬಾಗಿಲು ತೆರೆದು ಕೂತು, ಬಂದವರನ್ನು ಬರಮಾಡಿಕೊಳ್ಳುವುದೊಂದು ರೀತಿ. ತಾನೇ ಚಪ್ಪಲಿ ಮೆಟ್ಟಿ ಬೀದಿಗೆ ಇಳಿಯುವುದು ಇನ್ನೊಂದು ರೀತಿ. ಪಿಗ್ಮಿಯ ಹೊಸತನ ಇದ್ದದ್ದು ಆ ನಡಿಗೆಯಲ್ಲಿ.

ಯಾಕೆಂದರೆ ಬ್ಯಾಂಕಿನ ಹೊತ್ತು ಮತ್ತು ಅಂಗಡಿಯ ಹೊತ್ತು ಒಂದೇ. ಬ್ಯಾಂಕು ತೆರೆದಿರುವಷ್ಟು ಹೊತ್ತೂ ಅಂಗಡಿಯವರು ಗಲ್ಲಾ ಬಿಟ್ಟು ಏಳುವ ಹಾಗಿಲ್ಲ. ಎದ್ದು ಹೋದರೆ ಬಂದ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾರೆ. ಜತೆಗೆ, ಇಪ್ಪತ್ತು ರೂಪಾಯಿ ಕಟ್ಟಲು ಕೌಂಟರಿನ ಎದುರು ಸಾಲು ನಿಲ್ಲಲು ಯಾರಿಗಾದರೂ ಸಂಕೋಚವೇ. ಹೂ ಮಾರುವ ಅಕ್ಕ ಒದ್ದೆ ಸೆರಗಿನಲ್ಲಿ ಆ ತಂಪು ಕೋಣೆಯೊಳಗೆ ಕಾಲಿಡಲು ಹಿಂಜರಿಯುತ್ತಾರೆ. ಅದೇ ಬ್ಯಾಂಕು ಅವರ ಬುಟ್ಟಿಯ ಎದುರು ಬಂದು ನಿಂತು “ಅಕ್ಕ, ಇವತ್ತೆಷ್ಟು?” ಎಂದು ಕೇಳಿದರೆ ಸಂಕೋಚಕ್ಕೆ ಎಡೆಯೆಲ್ಲಿ?

ಹೂವಿನಕ್ಕನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಕಡೆಯ ಶಂಕರಪುರ ಮಲ್ಲಿಗೆಗೆ ದಿನಕ್ಕೊಂದು ದರ. ಮದುವೆ ಮುಹೂರ್ತಗಳು ಒತ್ತಿಬಂದಾಗ ಅಟ್ಟೆ ಎಂದು ಕರೆಯುವ ಹೂಕಟ್ಟಿನ ದರ ಏರುತ್ತದೆ, ಮದುವೆಗಳಿಲ್ಲದ, ಮಳೆಯ ಆಟಿ ತಿಂಗಳಲ್ಲಿ ಕೇಳುವವರಿಲ್ಲ. ನಿನ್ನೆಯ ಹೂ ಇವತ್ತಿಗಾಗದು. ಹೀಗೆ ದರವೂ ದಿನದ್ದು, ಸರಕೂ ದಿನದ್ದು ಆಗಿರುವ ಹೆಂಗಸಿಗೆ ತಿಂಗಳಿಗಿಷ್ಟು ಕಟ್ಟಿ ಎಂದರೆ ಅದು ಬೇರೆಯವರ ಬದುಕಿನ ಅಳತೆಯನ್ನು ಅವರ ಮೇಲೆ ಹೇರಿದಂತೆ. ಒಳ್ಳೆಯ ದಿನ ಇನ್ನೂರು, ಕೆಟ್ಟ ದಿನ ಇಪ್ಪತ್ತು ಎಂದು ತೆಗೆದುಕೊಳ್ಳುವ ಪಿಗ್ಮಿ ಅವರ ಅಳತೆಗೇ ಹೊಲಿದ ರವಿಕೆ.

ಜೂನ್ ತಿಂಗಳು ಬಂದರೆ ಈ ಹಣದ ಬೆಲೆ ಕಣ್ಣಿಗೆ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕಡಲಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ ಅದು, ನಿಷೇಧ ಇರಬೇಕಾದದ್ದೇ. ಆದರೆ ದೋಣಿ ದಡ ಸೇರಿದರೆ ಮಂಜುಗಡ್ಡೆಯವರು, ಬಲೆ ನೇಯುವವರು, ಬುಟ್ಟಿ ಹೊತ್ತು ಮನೆ ಮನೆಗೆ ಹೋಗುವ ಮೀನಿನಕ್ಕಂದಿರು, ಬಂದರಿನ ಬದಿಯ ಚಹಾದಂಗಡಿಗಳು ಎಲ್ಲರ ದಿನದ ಸಂಪಾದನೆಗೂ ಹೊಡೆತ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಫೀಸು, ಯೂನಿಫಾರ್ಮು, ಕೊಡೆ, ಪುಸ್ತಕ. ಬರುವುದು ನಿಂತ ಹೊತ್ತಿನಲ್ಲೇ ಕೊಡುವುದು ಶುರುವಾಗುತ್ತದೆ. ಆಗ ಜನ ಪಿಗ್ಮಿ ಬಿಡಿಸುತ್ತಾರೆ. ಹಾಗೆ ಬಿಡಿಸಿ ತಂದ ಹಣದಲ್ಲಿ ಮಕ್ಕಳನ್ನು ಕರೆದುಕೊಂಡು ನೋಟ್‌ಬುಕ್ ಕೊಳ್ಳಲು ನನ್ನ ಅಂಗಡಿಗೆ ಬರುವವರನ್ನು ನಾನು ವರ್ಷವರ್ಷವೂ ನೋಡುತ್ತೇನೆ. ಆ ನೋಟುಗಳನ್ನು ಗಲ್ಲಾಪೆಟ್ಟಿಗೆಗೆ ಹಾಕುವಾಗ ಅವು ಎಷ್ಟು ಸಂಜೆಗಳಿಂದ ಒಟ್ಟಾಗಿ ಬಂದಿವೆ ಎಂಬುದು ಮನಸ್ಸಿಗೆ ಬಾರದೆ ಇರುವುದಿಲ್ಲ. ಚೌಕಾಸಿ ಮಾಡುವ ತಾಯಿಯ ಮೇಲೆ ಬೇಸರ ಮೂಡುವುದೂ ಇಲ್ಲ.

ಪಿಗ್ಮಿ ಬಿಡಿಸಿದ ಹಣದಿಂದ ಏನೇನಾಗಿದೆ ಎಂದು ನಮ್ಮ ಒಂದು ಬೀದಿಯಲ್ಲಿ ನಡೆದರೆ ತಿಳಿಯುತ್ತದೆ. ಟೈಲರಣ್ಣನ ಓವರ್‌ಲಾಕ್ ಮೆಷಿನ್, ಜ್ಯೂಸಂಗಡಿಯ ಫ್ರಿಜ್ಜು, ಕ್ಷೌರದಂಗಡಿಯ ತಿರುಗುವ ಕುರ್ಚಿ, ಬೀಡಾದಂಗಡಿಯವರ ಮಗಳ ಕಿವಿಯ ಬೆಂಡೋಲೆ, ಯಾರದ್ದೋ ಮನೆಯ ಬಾವಿಗೆ ಹಾಕಿದ ಪಂಪು. ನನ್ನಲ್ಲಿರುವ ಜೆರಾಕ್ಸ್ ಯಂತ್ರಕ್ಕೂ ಮುಂಗಡ ಕೊಟ್ಟದ್ದು ಅದೇ ಹಣ. ದಿನಕ್ಕೆ ಐವತ್ತು ರೂಪಾಯಿ ಎಂದರೆ ವರ್ಷಕ್ಕೆ 18,250. ಗಲ್ಲಾದಲ್ಲೇ ಬಿಟ್ಟಿದ್ದರೆ ಆ ಐವತ್ತು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಓದಿದವರು, ಅದರಲ್ಲೂ ಬೆಂಗಳೂರಿನಿಂದ ರಜೆಗೆ ಬರುವ ಹುಡುಗರು, ಪಿಗ್ಮಿಗೆ ಬಡ್ಡಿ ಕಡಿಮೆ ಎಂದು ಹೇಳುತ್ತಾರೆ. ಅದು ನಿಜ. ಮನೆಬಾಗಿಲಿಗೆ ಬರುವವರ ಕಮಿಷನ್ ಎಲ್ಲಿಂದಲಾದರೂ ಹುಟ್ಟಬೇಕಲ್ಲ, ಹಾಗಾಗಿ ಅವಧಿ ಠೇವಣಿಗಿಂತ ಬಡ್ಡಿ ಕಡಿಮೆಯೇ ಇರುತ್ತದೆ. ಅವಧಿಗೆ ಮುಂಚೆ ಬಿಡಿಸಿದರೆ ಬಡ್ಡಿ ಹೋಗುವುದರ ಜತೆಗೆ ಅಸಲಿನಲ್ಲೂ ಸ್ವಲ್ಪ ಮುರಿದುಕೊಳ್ಳುವುದುಂಟು. ಆದರೆ ಆ ಹುಡುಗರ ಸಂಬಳದಿಂದ ಭವಿಷ್ಯನಿಧಿ ಹೇಗೆ ಜಮೆಯಾಗುತ್ತದೆ? ಹಣ ಅವರ ಕೈಗೆ ಬರುವ ಮೊದಲೇ ಕಂಪನಿ ಕಡಿದುಕೊಳ್ಳುತ್ತದೆ. ಮ್ಯೂಚುವಲ್ ಫಂಡಿನ ಕಂತೂ ತಿಂಗಳ ನಿಗದಿತ ತಾರೀಕಿಗೆ ತಾನಾಗಿಯೇ ಹೋಗುತ್ತದೆ. ಅವರೂ ಪ್ರತಿ ತಿಂಗಳು ಮನಸ್ಸು ಗಟ್ಟಿಮಾಡಿ ಕೈಯಾರೆ ಎತ್ತಿಡುತ್ತಿಲ್ಲ, ಅವರ ಪರವಾಗಿ ಒಂದು ವ್ಯವಸ್ಥೆ ಎತ್ತಿಡುತ್ತಿದೆ. ಅಂಗಡಿಯವರಿಗೆ ಹಾಗೆ ಕಡಿದಿಡುವ ಯಜಮಾನರು ಯಾರೂ ಇಲ್ಲ. ಮನಸ್ಸಿನ ಗಟ್ಟಿತನವನ್ನು ಇನ್ನೊಬ್ಬರ ಕಾಲ್ನಡಿಗೆಯಿಂದ ಕಡ ಪಡೆಯಬೇಕಾಗುತ್ತದೆ. ಬಡ್ಡಿಯಲ್ಲಿ ಬಿಟ್ಟುಕೊಡುವ ಆ ಒಂದೆರಡು ರೂಪಾಯಿ ಅದಕ್ಕೆ ಕೊಡುವ ಬೆಲೆ, ನ್ಯಾಯವಾದ ಬೆಲೆ.

ಆ ನಡಿಗೆಯ ಹಿಂದಿರುವ ದುಡಿಮೆಯನ್ನೂ ಲೆಕ್ಕ ಹಾಕಬೇಕು. ಸಂಗ್ರಹಿಸಿದ ಹಣದ ಮೇಲೆ ನೂರಕ್ಕೆ ಎರಡೋ ಮೂರೋ ರೂಪಾಯಿ ಪಿಗ್ಮಿಯವರ ಕಮಿಷನ್. ಮೂರು ಎಂದೇ ಇಟ್ಟುಕೊಳ್ಳೋಣ. ಐವತ್ತು ರೂಪಾಯಿಯಂತೆ ಇನ್ನೂರು ಕಡೆ ಹೋದರೆ ಒಟ್ಟು ಹತ್ತು ಸಾವಿರ. ಅವರ ಕೈಗೆ ಬರುವುದು ಮುನ್ನೂರು. ಮುನ್ನೂರು ರೂಪಾಯಿಗೆ ಇನ್ನೂರು ಬಾಗಿಲು, ಇನ್ನೂರು ಸಲ ನಮಸ್ಕಾರ, ಇನ್ನೂರು ರಸೀದಿ, ರಾತ್ರಿ ಒಂದು ರೂಪಾಯಿಯೂ ತಪ್ಪದಂತೆ ಎಣಿಕೆ. ಜ್ವರ ಬಂದರೆ ರಜೆ ಇದೆ, ಆ ದಿನದ ಕಮಿಷನ್ ಇಲ್ಲ. ಬ್ಯಾಂಕಿನ ಹೆಸರಿನಲ್ಲಿ ಊರೆಲ್ಲ ತಿರುಗಿದರೂ ತಾವು ಬ್ಯಾಂಕಿನ ಕೆಲಸಗಾರರು ಹೌದೋ ಅಲ್ಲವೋ ಎಂಬುದಕ್ಕೇ ಅವರು ದಶಕಗಳ ಕಾಲ ಹೋರಾಡಬೇಕಾಯಿತು. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟು, ಒಂದು ಮಟ್ಟದ ಸಂಗ್ರಹ ಮಾಡುವವರಿಗೆ ತಿಂಗಳಿಗೆ ಕನಿಷ್ಠ 750 ರೂಪಾಯಿ ಸಿಗಬೇಕೆಂದಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. 2001ರಲ್ಲಿ ಸುಪ್ರೀಂ ಕೋರ್ಟು, ಠೇವಣಿ ಸಂಗ್ರಹಿಸುವವರೂ ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕೆಲಸಗಾರರೇ ಎಂದು ಹೇಳಿತು. ದಿನವೂ ಕಣ್ಣೆದುರು ನಡೆಯುವ ದುಡಿಮೆಯನ್ನು ದುಡಿಮೆ ಎಂದು ಒಪ್ಪಿಸಲು ಅಷ್ಟು ವರ್ಷ ಬೇಕಾಯಿತಲ್ಲ ಎಂದು ನನಗೆ ನೋವಾಗುತ್ತದೆ.

ಅವರ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬಾಯಿಯ ಬಿಗಿ. ಯಾರ ವ್ಯಾಪಾರ ಏರುತ್ತಿದೆ, ಯಾರದ್ದು ಕುಸಿಯುತ್ತಿದೆ, ಯಾರ ಖಾತೆಯಲ್ಲಿ ಎಷ್ಟಿದೆ, ಯಾರು ಪಿಗ್ಮಿಯ ಮೇಲೆ ಸಾಲ ತೆಗೆದಿದ್ದಾರೆ ಎಲ್ಲವೂ ಅವರಿಗೆ ಗೊತ್ತು. ಊರಿನ ಉಳಿದ ಸುದ್ದಿಯನ್ನೆಲ್ಲ ಅವರು ಅಂಗಡಿಯಿಂದ ಅಂಗಡಿಗೆ ದಾಟಿಸುತ್ತಾರೆ: ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರಿಗೆ ಕೆಲಸದ ಹುಡುಗ ಬೇಕು, ಯಾವ ಕೋಣೆ ಬಾಡಿಗೆಗೆ ಖಾಲಿ ಇದೆ. ಆದರೆ ಒಬ್ಬರ ದುಡ್ಡಿನ ಮಾತು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ. ವ್ಯಾಪಾರದಲ್ಲಿ ನಂಬಿಕೆ ಎನ್ನುವುದು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ನನ್ನಲ್ಲಿ ಕೇಳಿದರೆ ಈ ಮೌನವನ್ನು ತೋರಿಸುತ್ತೇನೆ.

ನಂಬಿಕೆ ಮುರಿದದ್ದೂ ಉಂಟು. ಪಿಗ್ಮಿ ಕಟ್ಟಿಸಿಕೊಳ್ಳುತ್ತಿದ್ದ ಸಹಕಾರ ಸಂಘ ಮುಳುಗಿ, ದಿನದಿನವೂ ಕೂಡಿಟ್ಟವರು ಚೀಟಿಗಳ ಕಟ್ಟು ಹಿಡಿದುಕೊಂಡು ಬೀಗ ಹಾಕಿದ ಬಾಗಿಲೆದುರು ನಿಂತದ್ದನ್ನು ನಮ್ಮ ನಾಡು ಕಂಡಿದೆ. ಅದಕ್ಕೇ ಒಂದು ಮಾತು ಎಲ್ಲ ಅಂಗಡಿಯವರಿಗೂ ಗೊತ್ತಿರಬೇಕು. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲಿ ಕೂಡ, ಇಟ್ಟ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಇವತ್ತು ಇಂಥ ಸಂಘಗಳೂ ಪಿಗ್ಮಿ ನಡೆಸುತ್ತವೆ. ಅವುಗಳಲ್ಲಿ ಹಲವು ಚೆನ್ನಾಗಿಯೂ ನಡೆಯುತ್ತಿವೆ. ಆದರೂ ವರ್ಷಕ್ಕೊಮ್ಮೆ ಮಹಾಸಭೆಗೆ ಹೋಗಿ ಕೂರಬೇಕು, ಲೆಕ್ಕ ಪರಿಶೋಧನೆಯ ವರದಿ ಕೇಳಬೇಕು, ಪಾಸ್ ಬುಕ್ಕಿನಲ್ಲಿ ಬರೆಸಿಕೊಳ್ಳಬೇಕು, ಚೀಟಿ ಎಣಿಸಿಡಬೇಕು. ಹೀಗೆ ವಿಚಾರಿಸಿಕೊಳ್ಳುವುದು ಯಾರಿಗೂ ಮಾಡುವ ಅವಮಾನವಲ್ಲ. ಪ್ರಾಮಾಣಿಕವಾಗಿ ತಿರುಗಾಡುವವರ ಹೆಸರು ಉಳಿಯುವುದೂ ಇದರಿಂದಲೇ.

ಈಚಿನ ವರ್ಷಗಳಲ್ಲಿ ಗಲ್ಲಾಪೆಟ್ಟಿಗೆಯೇ ಹಗುರವಾಗಿದೆ. 2016ರಲ್ಲಿ ಯುಪಿಐ ಬಂತು. ಈಗ ಎಳನೀರಿನ ಗಾಡಿಯಲ್ಲೂ ಕ್ಯೂಆರ್ ಕೋಡ್ ತೂಗುತ್ತದೆ, ಹಣ ಬಂತೆಂದು ಡಬ್ಬಿ ಕೂಗಿ ಹೇಳುತ್ತದೆ. ಹಣ ನೇರ ಬ್ಯಾಂಕಿಗೇ ಬೀಳುವಾಗ ಪಿಗ್ಮಿ ಯಾಕೆ ಎಂದು ಕೇಳುವವರಿದ್ದಾರೆ. ಖಾತೆಗೆ ಬಿದ್ದ ಹಣ ಬೆರಳ ತುದಿಯಲ್ಲೇ ಇರುತ್ತದೆ, ಬಂದ ಹಾದಿಯಲ್ಲೇ ಹೋಗಿಬಿಡುತ್ತದೆ. ಕೂಡಿಡುವುದೆಂದರೆ ಹಣವನ್ನು ಕೈಗೆಟುಕದ ಕಡೆ ಇಡುವುದು. ಹಾಗಾಗಿ ನಮ್ಮ ಬೀದಿಯಲ್ಲಿ ಕೆಲವರು ಪಿಗ್ಮಿಯ ಹಣವನ್ನೂ ಫೋನಿನಿಂದಲೇ ಕಳಿಸುತ್ತಾರಾದರೂ, ಪಿಗ್ಮಿಯವರು ಬಂದು ಎದುರು ನಿಂತಾಗಲೇ ಕಳಿಸುತ್ತಾರೆ. ಎದುರಿಗೊಬ್ಬರು ನಿಂತು ಕೇಳಬೇಕು. ಆ ಅಗತ್ಯ ಫೋನು ಬಂದದ್ದರಿಂದ ಕಡಿಮೆಯಾಗಿಲ್ಲ.

ಸಂಜೆಯ ಅದೇ ಹೊತ್ತಿಗೆ ಅದೇ ಬೀದಿಗೆ ಇನ್ನೂ ಕೆಲವರು ಬರುತ್ತಾರೆ. ಅವರು ಸಾಲದ ಕಂತು ವಸೂಲಿಗೆ ಬರುವವರು. ದಿನದ ಕಂತು, ವಾರದ ಕಂತು, ಮೀಟರ್ ಬಡ್ಡಿ. ಸಾಲಗಾರರ ಮೇಲಿನ ದಬ್ಬಾಳಿಕೆ ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಂತಿನವರು, ಪಿಗ್ಮಿಯವರು ಇಬ್ಬರೂ ಕೈ ಚಾಚುವುದು ಅದೇ ಡ್ರಾಯರಿನ ಮುಂದೆ, ಕೇಳುವುದು ಅದೇ ಐವತ್ತು ರೂಪಾಯಿ. ಒಬ್ಬರು ತೆಗೆದುಕೊಂಡು ಹೋಗುವುದು ಮುಗಿದುಹೋದ ಖರ್ಚಿಗೆ, ಇನ್ನೊಬ್ಬರು ತೆಗೆದಿಡುವುದು ಬರಲಿರುವ ಖರ್ಚಿಗೆ. ಮೊದಲನೆಯವರ ಬೈಕಿನ ಸದ್ದಿಗೆ ಅಂಗಡಿಯವರು ಒಳಕೋಣೆಗೆ ಸರಿಯುತ್ತಾರೆ, ಎರಡನೆಯವರಿಗೆ ಸ್ಟೂಲು ಎಳೆದು ಕೊಡುತ್ತಾರೆ. ಪಿಗ್ಮಿ ಗಟ್ಟಿಯಾಗಿರುವ ಅಂಗಡಿಗೆ ಮೊದಲನೆಯವರು ಬರಬೇಕಾದ ಸಂದರ್ಭ ಕಡಿಮೆ. 2020ರ ಮಾರ್ಚಿನಲ್ಲಿ ಲಾಕ್‌ಡೌನಿನಿಂದ ಪೇಟೆಯ ಬಾಗಿಲುಗಳೆಲ್ಲ ಮುಚ್ಚಿದಾಗ ನಮ್ಮಲ್ಲಿ ಎಷ್ಟೋ ಮನೆಗಳ ಅಕ್ಕಿ, ಔಷಧಿಯ ಖರ್ಚು ನಡೆದದ್ದು ಹೀಗೆ ಕೂಡಿಟ್ಟ ಹಣದಿಂದ.

ಕೆಲಸದ ಬಗ್ಗೆ ನಾನು ತಿಳಿದುಕೊಂಡದ್ದರಲ್ಲಿ ಬಹುಪಾಲು ಈ ಪದ್ಧತಿಯಿಂದಲೇ ಬಂದದ್ದು. ದೊಡ್ಡ ಯೋಜನೆ, ದೊಡ್ಡ ಬಂಡವಾಳ, ದೊಡ್ಡ ಲಾಭ ಎಂದು ಮಾತಾಡುವವರು ಸುತ್ತಲೂ ಇದ್ದಾರೆ. ಅಂಗಡಿ ಉಳಿಯುವುದು ಸಣ್ಣದನ್ನು ತಪ್ಪದೆ ಮಾಡುವುದರಿಂದ. ಹೇಳಿದ ಹೊತ್ತಿಗೆ ಬಾಗಿಲು ತೆರೆಯುವುದು, ಐದು ರೂಪಾಯಿಯ ಜೆರಾಕ್ಸಿಗೆ ಬಂದ ಅಜ್ಜನಿಗೂ ಐನೂರು ರೂಪಾಯಿಯ ಪುಸ್ತಕ ಕೊಳ್ಳುವವರಿಗೂ ಒಂದೇ ಮುಖ ತೋರಿಸುವುದು, ಸಗಟು ವ್ಯಾಪಾರಿಯ ಬಾಕಿಯನ್ನು ಸ್ವಲ್ಪ ಸ್ವಲ್ಪವೇ ಆದರೂ ವಾರವಾರವೂ ಇಳಿಸುವುದು. ಯಾವುದಾದರೂ ದಿನ ಬಹಳ ಮಾಡಲು ಆಗದಿದ್ದರೆ ಸ್ವಲ್ಪ ಮಾಡಬಹುದು. ಏನೂ ಮಾಡದ ದಿನ ಒಂದಾದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ.

ಆದ್ದರಿಂದ, ಹೊಸದಾಗಿ ಅಂಗಡಿ ಇಡುತ್ತೇನೆಂದು ಸಲಹೆ ಕೇಳಲು ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು. ಬೋರ್ಡು ಬರೆಸುವ ಮೊದಲು ಒಂದು ಪಿಗ್ಮಿ ಖಾತೆ ತೆರೆಯಿರಿ, ವಿಚಾರಿಸಿ, ಒಳ್ಳೆಯ ಬ್ಯಾಂಕಿನಲ್ಲಿ, ಇಲ್ಲವೇ ಲೆಕ್ಕ ಸರಿಯಿರುವ ಸಂಘದಲ್ಲಿ. ದಿನದ ಮೊತ್ತವನ್ನು ಗೊತ್ತುಮಾಡುವಾಗ ಜಾತ್ರೆಯ ದಿನದ ವ್ಯಾಪಾರವನ್ನು ನೆನೆಯಬೇಡಿ, ಆಟಿ ತಿಂಗಳ ಮಳೆಯ ದಿನವನ್ನು ನೆನೆಯಿರಿ. ಆ ದಿನವೂ ಕೊಡಲು ಆಗುವಷ್ಟನ್ನೇ ಗೊತ್ತುಮಾಡಿ, ಹೆಚ್ಚು ಬಂದ ದಿನ ಹೆಚ್ಚು ಕೊಡಿ. ಸಂಜೆ ಬರುವವರಿಗೆ ಕುಡಿಯಲು ನೀರು ಕೊಡಿ, ಕಾಯಿಸಬೇಡಿ, ಅವರಿಗೆ ಇನ್ನೂ ನೂರಾರು ಬಾಗಿಲುಗಳಿವೆ. ಇಷ್ಟನ್ನು ಒಂದು ವರ್ಷ ಬಿಡದೆ ಮಾಡಿದವರು ವ್ಯಾಪಾರದ ಅರ್ಧ ಪಾಠ ಕಲಿತಂತೆ. ಉಳಿದರ್ಧವನ್ನು ಗಿರಾಕಿಗಳು ಕಲಿಸುತ್ತಾರೆ.